ಉದ್ದ ಬಾನೆಟ್ಟಿನ, ಎರಡು ಬಾಗಿಲಿನ ಆ ಅಮೆರಿಕನ್ ಕಾರುಗಳು: ಅವುಗಳನ್ನು ಮುಗಿಸಿದ್ದು ತೈಲ ಬಿಕ್ಕಟ್ಟೇ?

ವಿಕ್ಸಮ್ ನಿವಾಸಿ:

ಎಲ್ಲರಿಗೂ ನಮಸ್ಕಾರ. ಮಸ್ಟಾಂಗ್, ಕಮಾರೊ, ಕಾರ್ವೆಟ್‌ಗಳ ಬಗ್ಗೆ ಇಲ್ಲಿ ಬಹಳಷ್ಟು ಚರ್ಚೆಯಾಗಿದೆ. ಅದೇ ಡೆಟ್ರಾಯಿಟ್ ಊರಿನಲ್ಲಿ, ಅದೇ ಕಂಪನಿಗಳಲ್ಲಿ ಹುಟ್ಟಿದ ಇನ್ನೊಂದು ಸಂತತಿಯ ಬಗ್ಗೆ, ಅಂದರೆ ಥಂಡರ್‌ಬರ್ಡ್, ರಿವಿಯೆರಾ, ಟೊರೊನಾಡೊ, ಎಲ್ಡೊರಾಡೊ, ಲಿಂಕನ್ ಮಾರ್ಕ್, ಗ್ರ್ಯಾಂಡ್ ಪ್ರೀ, ಮಾಂಟೆ ಕಾರ್ಲೊ, ಕಾರ್ಡೊಬಾಗಳ ಬಗ್ಗೆ ಯಾರೂ ಬರೆದದ್ದು ನನಗೆ ಕಾಣಲಿಲ್ಲ. ಇವನ್ನೆಲ್ಲ ಒಟ್ಟಾಗಿ ಪರ್ಸನಲ್ ಲಕ್ಸುರಿ ಕಾರು ಎಂದು ಕರೆಯುತ್ತಿದ್ದರು. ಆ ಹೆಸರಿನ ಮೊದಲ ಪದ ನನಗೆ ಅರ್ಥವಾಗಲು ಒಬ್ಬ ಹಿರಿಯರು ಬೇಕಾದರು.

ನಾನು 1978ರ ಚಳಿಗಾಲದಲ್ಲಿ ಮಿಷಿಗನ್ನಿಗೆ ಬಂದೆ. ಬಾಡಿಗೆಗೆ ಹಿಡಿದ ಮನೆಯ ಪಕ್ಕದಲ್ಲಿ, ಕಾರ್ಖಾನೆಯೊಂದರಲ್ಲಿ ಅಚ್ಚು ಕೊರೆಯುವ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಪತ್ನಿಯೊಂದಿಗೆ ವಾಸವಾಗಿದ್ದರು. ಅವರ ಮನೆಯ ಮುಂದೆ ಕಡುನೀಲಿ ಬಣ್ಣದ ಲಿಂಕನ್ ಮಾರ್ಕ್ 5 ನಿಂತಿರುತ್ತಿತ್ತು. ಅದರ ಉದ್ದ 5.85 ಮೀಟರ್, ನಮ್ಮ ಅಂಬಾಸಡರ್ ಕಾರಿಗಿಂತ ಸುಮಾರು ಒಂದೂವರೆ ಮೀಟರ್ ಹೆಚ್ಚು. ಅಷ್ಟು ಉದ್ದದ ಕಾರಿಗೆ ಎರಡೇ ಬಾಗಿಲು. ಒಂದೇ ಅಂಬಾಸಡರ್‌ನಲ್ಲಿ ಏಳು ಜನ ಕುಳಿತು ಮದುವೆಗೆ ಹೋಗುತ್ತಿದ್ದ ಮನೆಯಿಂದ ಬಂದ ನನಗೆ ಇದು ಒಗಟಾಗಿ ಕಂಡಿತ್ತು. ಒಂದು ದಿನ ಹಿಮ ಗುಡಿಸುವಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಮಕ್ಕಳನ್ನು ಶಾಲೆಗೆ ಬಿಡಲು, ಸಾಮಾನು ತರಲು, ಹೆಂಡತಿಯ ತವರಿಗೆ ಹೋಗಿಬರಲು ಎಂದು ತಾವು ಜೀವನಪೂರ್ತಿ ಸ್ಟೇಷನ್ ವ್ಯಾಗನ್‌ಗಳನ್ನೇ ಓಡಿಸಿದ್ದಾಗಿಯೂ, ತಮಗೆ ಇಷ್ಟವೆಂಬ ಒಂದೇ ಕಾರಣಕ್ಕೆ ಕೊಂಡ ಮೊದಲ ಕಾರು ಇದೆಂದೂ ಅವರು ಹೇಳಿದರು. ಪರ್ಸನಲ್ ಎಂಬ ಮಾತಿನ ಅರ್ಥ ನನಗೆ ಅಂದೇ ಹೊಳೆಯಿತು. ಮನೆಮಂದಿಯ ಕಾರು ಬೇರೆ, ದುಡಿದವನು ತನಗೆಂದು ಕೊಂಡ ಕಾರು ಬೇರೆ.

ಈಗ ವಿಷಯಕ್ಕೆ ಬರುತ್ತೇನೆ. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದವು, ಪೆಟ್ರೋಲ್ ಬಂಕಿನ ಮುಂದೆ ಸಾಲು ಬೆಳೆಯಿತು, ಈ ಕಾರುಗಳ ಕಥೆ ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಬರೆಯುತ್ತಾರೆ. ಮಾರಾಟದ ಲೆಕ್ಕ ಹೇಳುವುದು ಬೇರೆಯೇ. ಥಂಡರ್‌ಬರ್ಡ್ ತನ್ನ ಚರಿತ್ರೆಯಲ್ಲೇ ಅತಿ ಹೆಚ್ಚು ಮಾರಾಟವಾದದ್ದು 1978ರಲ್ಲಿ, 3,52,751 ಕಾರುಗಳು. 1977ರಲ್ಲಿ ಮಾಂಟೆ ಕಾರ್ಲೊ ನಾಲ್ಕು ಲಕ್ಷ ದಾಟಿತು, ಗ್ರ್ಯಾಂಡ್ ಪ್ರೀ 2,88,430 ಮುಟ್ಟಿತು. 1976ರಲ್ಲಿ ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಓಲ್ಡ್ಸ್‌ಮೊಬೈಲ್ ಕಟ್ಲಸ್; ಆ ಹೆಸರನ್ನು ಮನೆಮಾತು ಮಾಡಿದ್ದು ಅದರ ಎರಡು ಬಾಗಿಲಿನ ಸುಪ್ರೀಮ್. ಇವೆಲ್ಲವೂ ತೈಲ ಬಿಕ್ಕಟ್ಟಿನ ನಂತರದ ವರ್ಷಗಳು. ಮುಗಿದುಹೋಗಿದ್ದ ಕಾರುಗಳನ್ನು ಲಕ್ಷಗಟ್ಟಲೆ ಜನ ಕೊಂಡರೆ? ನಿಮ್ಮ ಅಭಿಪ್ರಾಯ ತಿಳಿಸಿ.


ಲೆಕ್ಕದ ಪುಸ್ತಕ:

ನಮಸ್ಕಾರ ಸರ್. ತಮ್ಮ ಅಂಕಿಗಳು ಸರಿಯಾಗಿವೆ, ಆದರೆ ತೀರ್ಮಾನವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. 1977ರಿಂದ ಥಂಡರ್‌ಬರ್ಡ್ ಅಷ್ಟೊಂದು ಮಾರಾಟವಾದದ್ದಕ್ಕೆ ಜನರ ಪ್ರೀತಿ ಮಾತ್ರ ಕಾರಣವಲ್ಲ, ಬೆಲೆಯೂ ಕಾರಣ. 1976ರವರೆಗಿನ ಥಂಡರ್‌ಬರ್ಡ್ ಲಿಂಕನ್ ಮಾರ್ಕ್ 4ರ ತಳದ ಮೇಲೆ ಕಟ್ಟಿದ ಭಾರಿ ಕಾರು; ಅದರ ಬೆಲೆ 7,800 ಡಾಲರ್‌ಗೆ ಹತ್ತಿರವಿತ್ತು. 1977ರಲ್ಲಿ ಅದನ್ನು ಫೋರ್ಡ್ ಕಂಪನಿಯದೇ ಮಧ್ಯಮ ಗಾತ್ರದ ಕಾರಾದ ಎಲ್‌ಟಿಡಿ 2ರ ತಳಕ್ಕೆ ಇಳಿಸಿ, ಬೆಲೆಯಲ್ಲಿ ಸುಮಾರು 2,700 ಡಾಲರ್ ಕಡಿತ ಮಾಡಿದರು. ಅಂದರೆ ಗೆದ್ದದ್ದು ಹೆಸರು, ಸೋತದ್ದು ಗಾತ್ರ.

ಇನ್ನೊಂದು ಮಾತು. ಬಂಕಿನ ಸಾಲಿನಲ್ಲಿ ನಿಂತವರು ಒಂದೆರಡು ವರ್ಷಗಳಲ್ಲಿ ಅದನ್ನು ಮರೆತದ್ದು ನಿಜ. ಆದರೆ ವಾಷಿಂಗ್ಟನ್ ಮರೆಯಲಿಲ್ಲ. 1975ರ ಡಿಸೆಂಬರ್‌ನಲ್ಲಿ ಬಂದ ಇಂಧನ ಕಾಯ್ದೆಯ ಪ್ರಕಾರ, ಒಂದು ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಮೈಲೇಜು 1978ರಲ್ಲಿ ಗ್ಯಾಲನ್ನಿಗೆ 18 ಮೈಲಿ, 1985ರ ಹೊತ್ತಿಗೆ 27.5 ಮೈಲಿ ಇರಬೇಕಾಯಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಲೀಟರಿಗೆ ಸುಮಾರು ಏಳೂವರೆ ಕಿಲೋಮೀಟರಿನಿಂದ ಹನ್ನೊಂದೂವರೆಗಿಂತ ತುಸು ಮೇಲಕ್ಕೆ. ಏಳು ಲೀಟರ್ ಇಂಜಿನ್ನಿನ, ಎರಡು ಟನ್ ತೂಗುವ ಕಾರನ್ನು ಇಟ್ಟುಕೊಂಡು ಈ ಸರಾಸರಿ ಮುಟ್ಟಲು ಯಾವ ಕಂಪನಿಗೂ ಸಾಧ್ಯವಿರಲಿಲ್ಲ. ಆ ಕಾಯ್ದೆ ತೈಲ ಬಿಕ್ಕಟ್ಟಿನ ಮಗುವೇ ತಾನೇ? ಬಿಕ್ಕಟ್ಟು ತಾನೇ ಕೊಲ್ಲದಿದ್ದರೂ ಕೊಲ್ಲುವವನನ್ನು ಹೆತ್ತಿತು ಎಂದು ನಾನು ಹೇಳುತ್ತೇನೆ.


ವಿಕ್ಸಮ್ ನಿವಾಸಿ:

ಬೆಲೆಯ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. 1956ರ ಕಾಂಟಿನೆಂಟಲ್ ಮಾರ್ಕ್ 2ರ ಬೆಲೆ ಸುಮಾರು 10,000 ಡಾಲರ್. ಮೂರು ಸಾವಿರದಷ್ಟು ಮಾತ್ರ ತಯಾರಾದವು, ಅಷ್ಟು ಬೆಲೆಗೆ ಮಾರಿಯೂ ಫೋರ್ಡ್ ಕಂಪನಿಗೆ ನಷ್ಟವಾಯಿತು. ಅದು ಸಿರಿವಂತರ ಕಾರು. 1970ರ ಮಾಂಟೆ ಕಾರ್ಲೊ ಬೆಲೆ 3,100 ಡಾಲರ್‌ನ ಆಸುಪಾಸಿನಲ್ಲಿತ್ತು. ಕಾರ್ಖಾನೆಯ ಕಾರ್ಮಿಕನೂ ಬಸ್ ಓಡಿಸುವವನೂ ಅದನ್ನು ಕೊಳ್ಳಬಹುದಿತ್ತು. ಹದಿನಾಲ್ಕು ವರ್ಷಗಳಲ್ಲಿ ಉದ್ದ ಬಾನೆಟ್ಟಿನ ವೈಭವ ಶ್ರೀಮಂತರ ಅಂಗಳದಿಂದ ದುಡಿಯುವವರ ಅಂಗಳಕ್ಕೆ ಇಳಿದು ಬಂದಿತ್ತು. ಈ ಕಾರುಗಳನ್ನು ಆಡಂಬರವೆಂದು ಹೀಗಳೆಯುವವರು ಇದನ್ನು ಗಮನಿಸುವುದಿಲ್ಲ ಎಂಬುದು ನನ್ನ ನೋವು. ನಮ್ಮ ಪಕ್ಕದ ಮನೆಯ ಹಿರಿಯರ ಉಗುರುಗಳ ಸಂದಿಯಲ್ಲಿ ನಿವೃತ್ತಿಯ ನಂತರವೂ ಕಬ್ಬಿಣದ ಕಪ್ಪು ಇತ್ತು. ಅವರು ಕಾರ್ಟಿಯೇ ಹೆಸರಿನ ಗಡಿಯಾರವನ್ನು ದಿನಾ ನೋಡುತ್ತಿದ್ದದ್ದು ಆ ಕಾರಿನಲ್ಲಿ ಮಾತ್ರ.

ಕಾಯ್ದೆಯ ವಿಷಯದಲ್ಲಿ ಒಂದು ತಿದ್ದುಪಡಿ. ಅದು ಕಾರುಗಳನ್ನು ಕುಗ್ಗಿಸಿತು, ನಿಜ. ಆದರೆ ಕುಗ್ಗಿಸಿದ ರೀತಿ ಕಂಪನಿಗಳದ್ದೇ ಆಯ್ಕೆ. 1980ರಲ್ಲಿ ಥಂಡರ್‌ಬರ್ಡ್ ಅನ್ನು ಸಣ್ಣ ತಳಕ್ಕೆ ಇಳಿಸುವಾಗ ಹಳೆಯ ಅಲಂಕಾರಗಳನ್ನೆಲ್ಲ ಆ ಸಣ್ಣ ಚೌಕಟ್ಟಿಗೇ ಅಂಟಿಸಿದರು. 1980ರಲ್ಲಿ 1,56,803, ಮರುವರ್ಷ 86,693, ಅದರ ಮರುವರ್ಷ 45,142. 1978ರಿಂದ ನಾಲ್ಕೇ ವರ್ಷಗಳಲ್ಲಿ ಎಂಟರಲ್ಲಿ ಏಳು ಪಾಲು ಗಿರಾಕಿಗಳು ಹೋದರು. 1983ರಲ್ಲಿ ಅದೇ ತಳದ ಮೇಲೆ ಗಾಳಿಗೆ ಒಗ್ಗುವ ನಯವಾದ ಹೊಸ ಮೈ ಬಂದ ಕೂಡಲೇ ಮಾರಾಟ ಮತ್ತೆ 1,20,000 ದಾಟಿತು. ಕಾಯ್ದೆಯೂ ಅದೇ, ತಳವೂ ಅದೇ. ಬದಲಾದದ್ದು ಅಂಗಸೌಷ್ಠವ ಮಾತ್ರ.


ರೇಖೆ ಮತ್ತು ಬಣ್ಣ:

ಅಂಗಸೌಷ್ಠವ ಎಂಬ ಪದ ಬಳಸಿದ್ದಕ್ಕೆ ತಮಗೆ ವಂದನೆಗಳು. ವಸ್ತುವಿನ್ಯಾಸ ಕಲಿತವಳಾಗಿ ನನಗೆ ಈ ಕಾರುಗಳ ಬಗ್ಗೆ ಇರುವ ಪ್ರೀತಿಗೆ ಅದೇ ಮೂಲ.

ಕಾರೊಂದನ್ನು ಪಕ್ಕದಿಂದ ನೋಡುವಾಗ ಮುಂದಿನ ಗಾಲಿಯ ನಡುಬಿಂದುವಿನಿಂದ ಮುಂಬಾಗಿಲಿನ ಅಂಚಿನವರೆಗಿನ ಅಂತರವನ್ನು ಗಮನಿಸಿ. ಆ ಅಂತರ ಹೆಚ್ಚಿದಷ್ಟೂ ಕಾರು ಬಲಿಷ್ಠವಾಗಿ, ಗಂಭೀರವಾಗಿ ಕಾಣುತ್ತದೆ. 1930ರ ದಶಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಉದ್ದವಾದ ಇಂಜಿನ್ ಇದ್ದುದರಿಂದ ಆ ಅಂತರ ಅನಿವಾರ್ಯವಾಗಿತ್ತು. 1969ರ ಪಾಂಟಿಯಾಕ್ ಗ್ರ್ಯಾಂಡ್ ಪ್ರೀ ರೂಪಿಸಿದವರು ಮಧ್ಯಮ ಗಾತ್ರದ ಕಾರಿನ ಚೌಕಟ್ಟನ್ನು ತೆಗೆದುಕೊಂಡು, ಮುಂದಿನ ಹಾಗೂ ಹಿಂದಿನ ಗಾಲಿಗಳ ನಡುವೆ 118 ಇಂಚು ಬರುವಂತೆ ಅದನ್ನು ಹಿಗ್ಗಿಸಿ, ಹೆಚ್ಚಿದ ಉದ್ದವನ್ನು ಪ್ರಯಾಣಿಕರಿಗೆ ಕೊಡದೆ ಬಾನೆಟ್ಟಿಗೆ ಕೊಟ್ಟರು. ಉಪಯೋಗದ ದೃಷ್ಟಿಯಿಂದ ನೋಡಿದರೆ ಅದು ವ್ಯರ್ಥ. ಕಣ್ಣಿನ ದೃಷ್ಟಿಯಿಂದ ನೋಡಿದರೆ ಇಡೀ ಕಾರಿನ ಜೀವ ಅಲ್ಲೇ ಇದೆ. ಆಗ ಪಾಂಟಿಯಾಕ್ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಡಿಲೋರಿಯನ್ ಅವರ ಕಾಲದಲ್ಲಿ ಜೆ ಮತ್ತು ಎಸ್‌ಜೆ ಎಂಬ ಹೆಸರುಗಳನ್ನೂ ಡ್ಯೂಸೆನ್‌ಬರ್ಗ್‌ನಿಂದಲೇ ಎರವಲು ತಂದರು. ಮೊದಲ ವರ್ಷವೇ ಒಂದು ಲಕ್ಷಕ್ಕಿಂತ ಹೆಚ್ಚು ಗ್ರ್ಯಾಂಡ್ ಪ್ರೀಗಳು ಮಾರಾಟವಾದವು, ಮರುವರ್ಷವೇ ಷೆವರ್ಲೆ ಅದೇ ಸೂತ್ರದಿಂದ ಮಾಂಟೆ ಕಾರ್ಲೊ ತಂದಿತು.

ಆದರೂ ನನ್ನ ಮನಸ್ಸು ನಿಲ್ಲುವುದು 1963ರ ಬ್ಯೂಕ್ ರಿವಿಯೆರಾ ಮೇಲೆ. ಜನರಲ್ ಮೋಟಾರ್ಸ್ ವಿನ್ಯಾಸ ವಿಭಾಗದ ಮುಖ್ಯಸ್ಥ ಬಿಲ್ ಮಿಚೆಲ್ ಲಂಡನ್ನಿನ ಮಂಜಿನಲ್ಲಿ ರೋಲ್ಸ್ ರಾಯ್ಸ್ ಒಂದನ್ನು ಕಂಡು, ಅದರ ಚೂಪಾದ ಅಂಚುಗಳ ಗುಂಗಿನಲ್ಲೇ ಮನೆಗೆ ಮರಳಿದರು ಎಂಬ ಕಥೆಯನ್ನು ಅವರೇ ಹೇಳಿಕೊಳ್ಳುತ್ತಿದ್ದರು. ನೆಡ್ ನಿಕಲ್ಸ್ ಅದನ್ನು ಕಾಗದದ ಮೇಲೆ ಇಳಿಸಿದರು. ಮೊದಲಿಗೆ ಅದು ಕ್ಯಾಡಿಲಾಕ್‌ಗೆಂದು ರೂಪುಗೊಂಡದ್ದು. ಆ ವಿಭಾಗ ಬೇಡವೆಂದಾಗ ಕಂಪನಿಯ ಉಳಿದ ವಿಭಾಗಗಳು ಅದಕ್ಕಾಗಿ ಸ್ಪರ್ಧಿಸಿದವು, ಬ್ಯೂಕ್ ಗೆದ್ದಿತು. ಮೊದಲ ವರ್ಷ 40,000 ಕಾರುಗಳಿಗೆ ಮಿತಿ ಹಾಕಿಕೊಂಡು ಅಷ್ಟನ್ನೇ ತಯಾರಿಸಿದರು. ಅದರ ಮೈಮೇಲೆ ಅನವಶ್ಯಕವಾದ ಒಂದು ಗೆರೆಯನ್ನೂ ನಾನು ಇಂದಿನವರೆಗೆ ಹುಡುಕಲಾಗಿಲ್ಲ. ಬಾಗಿಲಿನ ಗಾಜಿಗೆ ಚೌಕಟ್ಟಿಲ್ಲ, ಎರಡು ಗಾಜುಗಳ ನಡುವೆ ಕಂಬವಿಲ್ಲ. ನಾಲ್ಕೂ ಗಾಜುಗಳನ್ನು ಇಳಿಸಿದರೆ ಚಾವಣಿ ತೇಲುತ್ತಿರುವಂತೆ ಕಾಣುತ್ತದೆ. 1965ರಲ್ಲಿ ಮುಂದಿನ ದೀಪಗಳನ್ನು ಮಡ್‌ಗಾರ್ಡಿನ ತುದಿಯ ಜಾಲರಿಯ ಹಿಂದೆ ಅಡಗಿಸಿದರು. ದೀಪ ಹಾಕಿದಾಗ ಆ ಜಾಲರಿ ಕಣ್ಣೆವೆಯಂತೆ ತೆರೆದುಕೊಳ್ಳುವುದನ್ನು ನೋಡಲೆಂದೇ ಒಂದು ಪ್ರದರ್ಶನದಲ್ಲಿ ನಾನು ಕತ್ತಲಾಗುವವರೆಗೆ ಕಾದು ನಿಂತಿದ್ದೆ.

1971ರ ರಿವಿಯೆರಾ, ಅಂದರೆ ದೋಣಿಯ ಹಿಂಭಾಗದಂತೆ ಚೂಪಾದ ಬಾಲದ ಕಾರು, ಹಲವರಿಗೆ ಇಷ್ಟವಾಗುವುದಿಲ್ಲ. ನನಗೆ ಇಷ್ಟ. ಅಷ್ಟು ದೊಡ್ಡ ಕಂಪನಿ ಅಷ್ಟು ಧೈರ್ಯದ ರೇಖೆಯೊಂದನ್ನು ಕಾರ್ಖಾನೆಯವರೆಗೆ ಒಯ್ದದ್ದೇ ದೊಡ್ಡದು.


ಕಾರ್ಬ್ಯುರೇಟರ್:

ಮೇಡಂ, ರಿವಿಯೆರಾ ಬಗ್ಗೆ ತಾವು ಬರೆದದ್ದು ಮನಸ್ಸಿಗೆ ಹಿಡಿಸಿತು. ನಾನು ಬಾನೆಟ್ಟಿನ ಕೆಳಗೆ ಏನಿದೆ ಎಂದು ನೋಡುವವನು. ಆದ್ದರಿಂದ 1966ರ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಬಗ್ಗೆ ನಾಲ್ಕು ಮಾತು ಹೇಳಲೇಬೇಕು.

1937ರಲ್ಲಿ ಕಾರ್ಡ್ ಕಂಪನಿ ನಿಂತುಹೋದ ಮೇಲೆ ಅಮೆರಿಕದಲ್ಲಿ ಮುಂದಿನ ಗಾಲಿಗಳಿಗೆ ಶಕ್ತಿ ಕೊಡುವ ಕಾರೇ ತಯಾರಾಗಿರಲಿಲ್ಲ. ಅಂಥ ವ್ಯವಸ್ಥೆ ಸಣ್ಣ ಇಂಜಿನ್ನಿನ ಯುರೋಪಿನ ಕಾರುಗಳಿಗಷ್ಟೇ ಸರಿ ಎಂಬ ನಂಬಿಕೆಯಿದ್ದ ಕಾಲದಲ್ಲಿ ಓಲ್ಡ್ಸ್‌ಮೊಬೈಲ್ ಇಂಜಿನಿಯರುಗಳು 425 ಕ್ಯೂಬಿಕ್ ಇಂಚಿನ, ಅಂದರೆ ಏಳು ಲೀಟರಿನ, 385 ಅಶ್ವಶಕ್ತಿಯ ವಿ8 ಇಂಜಿನ್ನನ್ನು ಮುಂದಿನ ಗಾಲಿಗಳಿಗೆ ಜೋಡಿಸಿದರು. ಇಂಜಿನ್ನನ್ನು ಅಡ್ಡಲಾಗಿ ಇಡಲಿಲ್ಲ; ಮಾಮೂಲಿನಂತೆ ಉದ್ದಕ್ಕೇ ಇಟ್ಟರು. ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇಂಜಿನ್ನಿನ ಹಿಂದೆ ಉಳಿಯಿತು, ಗೇರ್‌ಬಾಕ್ಸನ್ನು ಬೇರ್ಪಡಿಸಿ, ಹಿಂದುಮುಂದಾಗಿ ತಿರುಗಿಸಿ, ಇಂಜಿನ್ನಿನ ಪಕ್ಕದಲ್ಲಿ ಕೂರಿಸಿದರು. ಎರಡರ ನಡುವೆ ಸದ್ದಿಲ್ಲದೆ ಓಡುವ ಅಗಲವಾದ ಉಕ್ಕಿನ ಚೈನು. ಆ ಚೈನು ಎಷ್ಟು ಗಟ್ಟಿಯಾಗಿತ್ತೆಂದರೆ, 1973ರಿಂದ 1978ರವರೆಗೆ ಜಿಎಂಸಿ ಕಂಪನಿ ತನ್ನ ಮನೆಗಾಡಿಗಳಿಗೆ, ಅಂದರೆ ಮಲಗಲು, ಅಡುಗೆ ಮಾಡಲು ಜಾಗವಿರುವ ದೊಡ್ಡ ವಾಹನಗಳಿಗೆ, ಇದೇ ವ್ಯವಸ್ಥೆಯನ್ನು ಬಳಸಿತು. ಹಿಂದಿನ ಗಾಲಿಗೆ ಹೋಗುವ ಶಾಫ್ಟ್ ಇಲ್ಲವಾದ್ದರಿಂದ ಕಾರಿನೊಳಗಿನ ನೆಲ ಮನೆಯ ಪಡಸಾಲೆಯಂತೆ ಸಮತಟ್ಟಾಗಿತ್ತು. ಮೊದಲ ವರ್ಷದ ಕಾರಿನ ಒಂದು ಕೊರತೆಯೆಂದರೆ ಮುಂದೆಯೂ ಡ್ರಮ್ ಬ್ರೇಕ್ ಇದ್ದದ್ದು. ಅಷ್ಟು ತೂಕಕ್ಕೆ ಅದು ಸಾಲುತ್ತಿರಲಿಲ್ಲ. ಮರುವರ್ಷದಿಂದ ಡಿಸ್ಕ್ ಬ್ರೇಕ್ ಬೇಕೆಂದವರಿಗೆ ಸಿಗತೊಡಗಿತು.

ಈ ಕಾರಣಕ್ಕೇ 1970ರ ದಶಕದ ಕಾರುಗಳನ್ನು ಇದೇ ಸಾಲಿನಲ್ಲಿ ಕೂರಿಸಲು ನನಗೆ ಮನಸ್ಸಾಗುವುದಿಲ್ಲ. ಟೊರೊನಾಡೊದಲ್ಲಿ ಹೊಸ ಇಂಜಿನಿಯರಿಂಗ್ ಇತ್ತು, ರಿವಿಯೆರಾದಲ್ಲಿ ಹೊಸ ರೂಪವಿತ್ತು. ನಂತರ ಬಂದವುಗಳಲ್ಲಿ ಚರ್ಮದಂಥ ಪ್ಲಾಸ್ಟಿಕ್ ಹೊದಿಕೆಯ ವಿನೈಲ್ ಚಾವಣಿ, ಹಿಂಭಾಗದ ಮೊಟ್ಟೆಯಾಕಾರದ ಕಿಟಕಿ, ದಿಂಬು ಹೊಲಿದಂಥ ಸೀಟು ಇಷ್ಟೇ. 1970ರ ಎಲ್ಡೊರಾಡೊದ 8.2 ಲೀಟರ್ ಇಂಜಿನ್ 400 ಅಶ್ವಶಕ್ತಿ ಎಂದು ಹೇಳಿಕೊಂಡರೆ, ಅದೇ ಗಾತ್ರದ 1976ರ ಇಂಜಿನ್ ಹೇಳಿಕೊಂಡದ್ದು 190. ಅಳೆಯುವ ಕ್ರಮ 1972ರಲ್ಲಿ ಬದಲಾದದ್ದು ಇದಕ್ಕೆ ಒಂದು ಕಾರಣ, ಹೊಗೆ ನಿಯಮಗಳಿಗಾಗಿ ಕಂಪ್ರೆಷನ್ ಇಳಿಸಿದ್ದು ಇನ್ನೊಂದು ಕಾರಣ. ಕಾರಣ ಏನೇ ಇರಲಿ, ಮಾಂಸಖಂಡ ಹೋಗಿ ಬರೀ ಮೈಯುಳಿಯಿತು. ಕ್ರೈಸ್ಲರ್ ಕಾರ್ಡೊಬಾ ಜಾಹೀರಾತಿನಲ್ಲಿ ನಟ ರಿಕಾರ್ಡೊ ಮೊಂಟಾಲ್ಬಾನ್ ಹೊಗಳುತ್ತಿದ್ದ ಕೊರಿಂಥಿಯನ್ ಚರ್ಮಕ್ಕೂ ಗ್ರೀಸಿನ ಕೊರಿಂಥ್ ನಗರಕ್ಕೂ ಸಂಬಂಧವೇ ಇರಲಿಲ್ಲ. ಅದು ಜಾಹೀರಾತು ಬರೆದವರು ಕಟ್ಟಿದ ಹೆಸರು.


ವಿಕ್ಸಮ್ ನಿವಾಸಿ:

ಕಾರ್ಬ್ಯುರೇಟರ್ ಅವರೇ, ಟೊರೊನಾಡೊ ವಿಷಯದಲ್ಲಿ ತಮ್ಮ ಒಂದಕ್ಷರಕ್ಕೂ ನನ್ನ ವಿರೋಧವಿಲ್ಲ. ಆದರೆ 1970ರ ದಶಕದ ಬಗ್ಗೆ ತಾವು ಆತುರದ ತೀರ್ಪು ಕೊಟ್ಟಿದ್ದೀರಿ ಎಂದು ವಿನಯದಿಂದ ಹೇಳುತ್ತೇನೆ.

ಅಲಂಕಾರದಿಂದ ಕಾರು ಕಟ್ಟುವ ಪದ್ಧತಿ ಆ ದಶಕದ ಆವಿಷ್ಕಾರವಲ್ಲ. ಫೋರ್ಡ್ ಕಂಪನಿಯ ಹಿರಿಯ ಅಧಿಕಾರಿ ಲೀ ಅಯಕೋಕಾ ಕೆನಡಾದ ಹೋಟೆಲಿನಿಂದ ವಿನ್ಯಾಸ ಮುಖ್ಯಸ್ಥರಿಗೆ ರಾತ್ರಿ ಫೋನ್ ಮಾಡಿ, ಥಂಡರ್‌ಬರ್ಡ್ ಮೂತಿಗೆ ರೋಲ್ಸ್ ರಾಯ್ಸ್ ಜಾಲರಿ ಇಡಿ ಎಂದು ಹೇಳಿದ್ದರಿಂದ ಹುಟ್ಟಿದ ಮಾರ್ಕ್ 3 ಮಾರುಕಟ್ಟೆಗೆ ಬಂದದ್ದು 1968ರಲ್ಲೇ. ಅದೇ ಮಾರ್ಕ್ 3 ಹಿಂದಿನ ಗಾಲಿಗಳು ಜಾರದಂತೆ ತಡೆಯುವ ಬ್ರೇಕ್ ವ್ಯವಸ್ಥೆಯನ್ನೂ ತಂದಿತು, 1970ರಲ್ಲಿ ರೇಡಿಯಲ್ ಟೈರುಗಳನ್ನು ಎಲ್ಲ ಕಾರುಗಳಿಗೂ ಹಾಕಿ ಕೊಟ್ಟ ಮೊದಲ ಅಮೆರಿಕನ್ ಕಾರೂ ಆಯಿತು. 1974ರಲ್ಲಿ ಗಾಳಿಚೀಲ ಬೇಕೆಂದವರಿಗೆ ಕೊಟ್ಟದ್ದು ತಮ್ಮ ಮೆಚ್ಚಿನ ಟೊರೊನಾಡೊ. ಅಲಂಕಾರ ಮತ್ತು ಇಂಜಿನಿಯರಿಂಗ್ ಒಂದೇ ಛಾವಣಿಯಡಿ ಬದುಕಿದ್ದವು.

ಎರಡನೆಯದಾಗಿ, ಆ ಕಾರುಗಳು ಯಾವ ರಸ್ತೆಯ ಮೇಲೆ ಓಡಿದವು ಎಂಬುದನ್ನು ನೆನಪಿಸಿಕೊಳ್ಳಿ. 1974ರಿಂದ 1987ರವರೆಗೆ ದೇಶಾದ್ಯಂತ ಗಂಟೆಗೆ 55 ಮೈಲಿಯ ಮಿತಿ ಇತ್ತು, ಅಂದರೆ 88 ಕಿಲೋಮೀಟರ್. ಆ ವೇಗದಲ್ಲಿ ಟೊಲಿಡೊಗೆ ಹೋಗಿಬರಲು 400 ಅಶ್ವಶಕ್ತಿ ಏಕೆ ಬೇಕು? ಆ ಹಿರಿಯರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದ ವರ್ಷ, ಅವರನ್ನೂ ಅವರ ಪತ್ನಿಯನ್ನೂ ಕೂರಿಸಿಕೊಂಡು ಅದೇ ಮಾರ್ಕ್ 5 ಅನ್ನು ನಾನು ಮಿಷಿಗನ್ನಿನ ಉತ್ತರದ ಮ್ಯಾಕಿನಾ ಸೇತುವೆಯವರೆಗೆ ಓಡಿಸಿದ್ದೆ. ಸ್ಟೇರಿಂಗನ್ನು ಒಂದು ಬೆರಳಿನಲ್ಲಿ ತಿರುಗಿಸಬಹುದಿತ್ತು, ರಸ್ತೆಯ ಉಬ್ಬುತಗ್ಗು ಎಲ್ಲೋ ದೂರದಲ್ಲಿ ನಡೆಯುತ್ತಿರುವ ಸಂಗತಿಯಂತೆ ತೋರುತ್ತಿತ್ತು, ಬಾನೆಟ್ಟಿನ ತುದಿಯ ಲಾಂಛನ ನಮಗಿಂತ ಎಷ್ಟೋ ಮುಂಚೆ ತಿರುವು ದಾಟುತ್ತಿತ್ತು. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಟ್ಟಿರಬಹುದು. ಐದು ಗಂಟೆಗಳ ದಾರಿಯಲ್ಲಿ ಹಿರಿಯರು ಹೆಚ್ಚು ಮಾತನಾಡಲಿಲ್ಲ, ಹಿಂದಿನ ಸೀಟಿನಲ್ಲಿ ಪತ್ನಿ ನಿದ್ದೆ ಹೋಗಿದ್ದರು. ಅಷ್ಟು ನೆಮ್ಮದಿಯ ಪ್ರಯಾಣವನ್ನು ನಾನು ಆಮೇಲೆ ಯಾವ ಕಾರಿನಲ್ಲೂ ಮಾಡಿಲ್ಲ. ಅವಸರವಿಲ್ಲದವರಿಗಾಗಿ ಮಾಡಿದ ಕಾರು ಅದು. ಅದರ ಅಳತೆಗೋಲು ಅಶ್ವಶಕ್ತಿಯಲ್ಲ.


ಮೈಸೂರು ಓದುಗ:

ದೂರದಿಂದ ಓದುತ್ತಿರುವವನ ಒಂದು ಪ್ರಶ್ನೆ. ನಮ್ಮ ಕಡೆ ಈ ಕಾರುಗಳನ್ನು ನಾನು ಎಂದೂ ಕಂಡಿಲ್ಲ. ಧರ್ಮಸ್ಥಳದ ಸಂಗ್ರಹದಲ್ಲಿ ಹಳೆಯ ಕಾರುಗಳನ್ನು ನೋಡುವಾಗ ಅಮೆರಿಕದ ಗಾಡಿಗಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ, ಆದರೆ ಎರಡು ಬಾಗಿಲಿನ ಈ ಸಂತತಿ ಆಮದು ನಿರ್ಬಂಧದ ಕಾಲದ್ದಾದ್ದರಿಂದ ಇತ್ತ ಬರುವ ಅವಕಾಶವೇ ಕಡಿಮೆಯಿತ್ತು. ಅಷ್ಟೊಂದು ಜನ ಪ್ರೀತಿಸಿದ ಕಾರು 1983ರ ನಂತರ ಚೇತರಿಸಿಕೊಂಡಿದ್ದರೆ, ಕೊನೆಗೆ ಏಕೆ ಇಲ್ಲವಾಯಿತು? ಈಗಿನ ಅಮೆರಿಕದಲ್ಲಿ ಎಲ್ಲರೂ ಜೀಪಿನಂಥ ದೊಡ್ಡ ಗಾಡಿಗಳಲ್ಲೇ ಓಡಾಡುತ್ತಾರೆ ಎಂದು ಅಲ್ಲಿರುವ ನನ್ನ ಅಣ್ಣನ ಮಗ ಹೇಳುತ್ತಾನೆ.


ಲೆಕ್ಕದ ಪುಸ್ತಕ:

ತಮ್ಮ ಅಣ್ಣನ ಮಗನ ಮಾತಿನಲ್ಲೇ ಉತ್ತರವಿದೆ. ನಾನು ಮೇಲೆ ಹೇಳಿದ ಮೈಲೇಜು ಕಾಯ್ದೆ ಕಾರುಗಳಿಗೆ ಒಂದು ಮಿತಿಯನ್ನೂ, ಲಘು ಟ್ರಕ್ಕುಗಳಿಗೆ ಅದಕ್ಕಿಂತ ಸಡಿಲವಾದ ಇನ್ನೊಂದು ಮಿತಿಯನ್ನೂ ಇಟ್ಟಿತು. ಎಸ್‌ಯುವಿಗಳು ಎರಡನೆಯ ಪಟ್ಟಿಗೆ ಸೇರಿದವು. ಆದ್ದರಿಂದ ಉದ್ದ, ತೂಕ, ದೊಡ್ಡ ವಿ8 ಇಂಜಿನ್ ಯಾವುದೂ ಅಮೆರಿಕದಿಂದ ಮಾಯವಾಗಲಿಲ್ಲ, ಕಾರಿನಿಂದ ಟ್ರಕ್ಕಿಗೆ ಸ್ಥಳಾಂತರಗೊಂಡವು. ಲಿಂಕನ್ ನ್ಯಾವಿಗೇಟರ್ ಬಂದದ್ದು 1997ರಲ್ಲಿ, ಮಾರ್ಕ್ 8 ನಿಂತದ್ದು 1998ರಲ್ಲಿ. ಕ್ಯಾಡಿಲಾಕ್ ಎಸ್ಕಲೇಡ್ ಬಂದದ್ದು 1998ರಲ್ಲಿ, ಎಲ್ಡೊರಾಡೊ ನಿಂತದ್ದು 2002ರಲ್ಲಿ. ರಿವಿಯೆರಾ ಕೊನೆಯದಾಗಿ ತಯಾರಾದದ್ದು 1999ರ ಮಾದರಿ, ಮಾಂಟೆ ಕಾರ್ಲೊ 2007ರದ್ದು. ಇದರ ಜೊತೆಗೆ 1980ರ ದಶಕದ ಮಧ್ಯದ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಮಕ್ಕಳನ್ನು ವಿಶೇಷ ಸೀಟಿನಲ್ಲೇ ಕೂರಿಸಬೇಕೆಂಬ ಕಾನೂನು ಬಂತು. ಎರಡು ಬಾಗಿಲಿನ ಕಾರಿನ ಹಿಂಭಾಗಕ್ಕೆ ಮಗುವಿನ ಸೀಟನ್ನು ತೂರಿಸಿ ಬಿಗಿಯುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು.

ವಿಕ್ಸಮ್ ನಿವಾಸಿ ಸರ್ ಅವರಿಗೆ ನಾನು ಇಷ್ಟನ್ನು ಬಿಟ್ಟುಕೊಡುತ್ತೇನೆ: 1973ರ ಬಿಕ್ಕಟ್ಟು ಈ ಕಾರುಗಳನ್ನು ಕೊಲ್ಲಲಿಲ್ಲ. ಆದರೆ ಬರೀ ಅಂಗಸೌಷ್ಠವ ಕೆಟ್ಟದ್ದರಿಂದಲೂ ಸಾಯಲಿಲ್ಲ. ಚೆಲುವಾದ ಮಾರ್ಕ್ 8 ಕೂಡ ಉಳಿಯಲಿಲ್ಲವಲ್ಲ.


ವಿಕ್ಸಮ್ ನಿವಾಸಿ:

ಒಪ್ಪಿದೆ. ಟ್ರಕ್ಕಿನ ಪಟ್ಟಿಯ ವಿಷಯವನ್ನು ನಾನು ಈ ಚರ್ಚೆಯೊಂದಿಗೆ ಜೋಡಿಸಿ ಯೋಚಿಸಿಯೇ ಇರಲಿಲ್ಲ. ಕೊಳ್ಳುವವರ ಬಳಿ ಹಣವೂ ಇತ್ತು, ದೊಡ್ಡ ಗಾಡಿಯ ಆಸೆಯೂ ಇತ್ತು. ಎರಡೂ ಮತ್ತೆ ಮನೆಮಂದಿಯ ಗಾಡಿಗೇ ಹೋದವು.


ಓಹಾಯೋ ಕನ್ನಡತಿ:

ನಮಸ್ಕಾರ. ಇಷ್ಟು ದಿನ ಓದುತ್ತಿದ್ದೆ, ಇಂದು ಸಹಾಯ ಕೇಳುವ ಸಲುವಾಗಿ ಬರೆಯುತ್ತಿದ್ದೇನೆ. ನನ್ನ ತಂದೆಯವರು ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. 1976ರಲ್ಲಿ ಕೆಲಸ ಕಾಯಂ ಆದ ವಾರವೇ ಎರಡು ಬಾಗಿಲಿನ, ಕಂದು ಬಣ್ಣದ, ಬಿಳಿ ವಿನೈಲ್ ಚಾವಣಿಯ ಕಾರೊಂದನ್ನು ಕೊಂಡು ತಂದರು. ಅಮ್ಮ ಆ ದಿನ ಅದರ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದ ಫೋಟೊ ನಮ್ಮ ಮನೆಯಲ್ಲಿದೆ. ಮೆರೂನ್ ಬಣ್ಣದ, ಮಖಮಲ್ಲಿನಂಥ ವೆಲೂರ್ ಸೀಟಿನ ಮೇಲೆ ನಾನೂ ತಮ್ಮನೂ ಬೆರಳಿನಿಂದ ಕನ್ನಡ ಅಕ್ಷರ ಬರೆದು, ಮತ್ತೆ ಅಂಗೈಯಿಂದ ಸವರಿ ಅಳಿಸುತ್ತಿದ್ದೆವು. ನಾನು ಅಆಇಈ ಕಲಿತದ್ದು ಆ ಸೀಟಿನ ಮೇಲೆ.

ತಂದೆಯವರು ಕಳೆದ ವರ್ಷ ತೀರಿಕೊಂಡರು. ಕಾರು ಹಲವಾರು ವರ್ಷಗಳಿಂದ ಗ್ಯಾರೇಜಿನಲ್ಲೇ ನಿಂತಿದೆ. ಅದಕ್ಕೂ ಮುಂಚೆ ಹಲವು ಚಳಿಗಾಲ ಉಪ್ಪು ಸುರಿದ ರಸ್ತೆಯಲ್ಲಿ ಓಡಿದೆ. ಹಿಂದೊಮ್ಮೆ ಒಂದು ವರ್ಕ್‌ಶಾಪಿಗೆ ಕೊಟ್ಟಾಗ ತುಕ್ಕು ಹಿಡಿದ ಜಾಗಕ್ಕೆ ತಗಡು ಬೆಸೆಯದೆ ಪುಟ್ಟಿ ತುಂಬಿ ಬಣ್ಣ ಬಳಿದು ಕೊಟ್ಟಿದ್ದರು. ಈಗ ಹಿಂದಿನ ಗಾಜಿನ ಕೆಳಗೆ ವಿನೈಲ್ ಗುಳ್ಳೆಗಳಂತೆ ಉಬ್ಬಿದೆ. ಮಾರಿಬಿಡು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮಾರಲು ಮನಸ್ಸಿಲ್ಲ. ಮೊದಲು ಏನು ಮಾಡಬೇಕು?


ಕಾರ್ಬ್ಯುರೇಟರ್:

ಅಮ್ಮಾ, ಮಾರಬೇಡಿ. ತಮ್ಮ ಬರಹ ಓದಿದ ಮೇಲೆ 1970ರ ದಶಕದ ಬಗ್ಗೆ ನಾನು ಹಿಂದೆ ಬರೆದದ್ದರ ಬಿಗಿಯನ್ನು ಸಡಿಲಿಸಿಕೊಂಡಿದ್ದೇನೆ.

ವಿನೈಲ್ ಉಬ್ಬಿದೆಯೆಂದರೆ ಅದರ ಕೆಳಗೆ ತೇವ ಸೇರಿ ತಗಡು ತುಕ್ಕು ಹಿಡಿಯುತ್ತಿದೆ ಎಂದರ್ಥ. ಹಿಂಬದಿಗೆ ಬಟ್ಟೆ ಅಂಟಿಸಿರುವ ವಿನೈಲ್ ಹೊಲಿಗೆಯ ಸಂದಿನಿಂದಲೂ ಗಾಜಿನ ಸುತ್ತಲಿನ ಪಟ್ಟಿಯಿಂದಲೂ ಇಳಿದ ನೀರನ್ನು ಒದ್ದೆ ಚೀಲದಂತೆ ಹಿಡಿದಿಟ್ಟುಕೊಳ್ಳುತ್ತದೆ. ಮೇಲಿನಿಂದ ತೇಪೆ ಹಾಕಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಹಿಂದಿನ ಗಾಜನ್ನು ಹೊರತೆಗೆಸಿ, ವಿನೈಲನ್ನು ಪೂರ್ತಿಯಾಗಿ ಕೀಳಿಸಿ, ಹಳೆಯ ಪುಟ್ಟಿಯನ್ನೆಲ್ಲ ಕೆರೆಸಿ, ಬೆಳ್ಳಗೆ ಹೊಳೆಯುವ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ತಗಡು ಬೆಸೆಸಬೇಕು. ಟಿಂಕರಿಂಗ್ ಮಾಡುವವರು ಒಪ್ಪಿಕೊಳ್ಳುವ ಮುಂಚೆ ಚೌಕಟ್ಟನ್ನೂ ಕೆಳಗಿನಿಂದ ಸುತ್ತಿಗೆಯಲ್ಲಿ ತಟ್ಟಿ ನೋಡಲು ಹೇಳಿ, ಮುಖ್ಯವಾಗಿ ಹಿಂದಿನ ಗಾಲಿಗಳ ಮೇಲಿನ ಬಾಗು. ಚೌಕಟ್ಟು ಗಟ್ಟಿಯಾಗಿದ್ದರೆ ಉಳಿದದ್ದೆಲ್ಲ ಸರಿಪಡಿಸಬಹುದಾದದ್ದೇ.

ಇಂಜಿನ್ನನ್ನು ಈಗಲೇ ಸ್ಟಾರ್ಟ್ ಮಾಡಬೇಡಿ. ಟ್ಯಾಂಕಿನ ಹಳೆಯ ಪೆಟ್ರೋಲ್ ಖಾಲಿ ಮಾಡಿಸಿ. ಈಗಿನ ಪೆಟ್ರೋಲಿನಲ್ಲಿ ಬೆರೆಸಿರುವ ಎಥನಾಲ್ ಆ ಕಾಲದ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆಯಾದ್ದರಿಂದ ಪೈಪುಗಳೆಲ್ಲವನ್ನೂ ಹೊಸತಾಗಿ ಹಾಕಿಸಿ. ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೂ ಒಂದಿಷ್ಟು ಎಣ್ಣೆ ಹನಿಸಿ, ಒಂದು ದಿನ ಬಿಟ್ಟು, ಇಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಅರ್ಧ ಗೆದ್ದಂತೆ. ಇಂಜಿನ್ನಿನ ಬಿಡಿಭಾಗಗಳು ಇಂದಿಗೂ ಸುಲಭವಾಗಿ ಸಿಗುತ್ತವೆ. ಸಿಗದಿರುವುದು ಒಳಗಿನ ಪ್ಲಾಸ್ಟಿಕ್ ಪಟ್ಟಿಗಳು, ಬಂಪರಿಗೂ ಮೈಗೂ ನಡುವಿನ ತುಂಡುಗಳು, ದೀಪದ ಗಾಜುಗಳು. ಮಸ್ಟಾಂಗ್‌ಗೆ ಹೊಸತಾಗಿ ಅಚ್ಚು ಹಾಕಿ ಮಾಡುವಂತೆ ಇವುಗಳಿಗೆ ಮಾಡುವವರು ಕಡಿಮೆ. ಆದ್ದರಿಂದ ಮುರಿದ ಚೂರನ್ನೂ ಎಸೆಯಬೇಡಿ.

ಆ ವೆಲೂರ್ ಸೀಟನ್ನು ಮಾತ್ರ ಯಾರಿಗೂ ಬದಲಾಯಿಸಲು ಬಿಡಬೇಡಿ.


ವಿಕ್ಸಮ್ ನಿವಾಸಿ:

ನನ್ನ ಹೆಸರಿನ ಬಗ್ಗೆ ಒಬ್ಬರು ಖಾಸಗಿಯಾಗಿ ಕೇಳಿದ್ದರು. ವಿಕ್ಸಮ್ ಎಂಬುದು ಡೆಟ್ರಾಯಿಟ್‌ನ ವಾಯವ್ಯಕ್ಕಿರುವ ಸಣ್ಣ ಊರು. ನಾಲ್ಕು ಸೀಟಿನ ಮೊದಲ ಥಂಡರ್‌ಬರ್ಡ್ 1958ರ ಮಾದರಿಯಾಗಿ ಹೊರಬಂದದ್ದು ಇಲ್ಲಿನ ಫೋರ್ಡ್ ಕಾರ್ಖಾನೆಯಿಂದ. ಲಿಂಕನ್ ಮಾರ್ಕ್ ಕಾರುಗಳೂ ಇಲ್ಲಿಯವೇ. 2007ರಲ್ಲಿ ಕಾರ್ಖಾನೆ ಮುಚ್ಚಿತು, ಆಮೇಲೆ ಕಟ್ಟಡವನ್ನೂ ಕೆಡವಿದರು. ಐ-96 ಹೆದ್ದಾರಿಯಲ್ಲಿ ಆ ಜಾಗವನ್ನು ದಾಟುವಾಗಲೆಲ್ಲ ನಾನು ವೇಗ ತಗ್ಗಿಸುತ್ತೇನೆ.

ಪಕ್ಕದ ಮನೆಯ ಹಿರಿಯರು 1991ರಲ್ಲಿ ತೀರಿಕೊಂಡರು. ಅವರ ಪತ್ನಿ ಆ ಮಾರ್ಕ್ 5 ಅನ್ನು ನನಗೇ ಕೊಟ್ಟರು, ಕೊಡುವಾಗ ಒಂದೇ ಷರತ್ತು ಹಾಕಿದರು: ಚಳಿಗಾಲದಲ್ಲಿ ಹೊರಗೆ ತೆಗೆಯಬಾರದು. ಇಂದಿನವರೆಗೂ ತೆಗೆದಿಲ್ಲ.

ಓಹಾಯೋ ಕನ್ನಡತಿಯವರೇ, ಆಗಸ್ಟ್ ತಿಂಗಳ ಮೂರನೆಯ ಶನಿವಾರ ಡೆಟ್ರಾಯಿಟ್ ಬಳಿಯ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. 1995ರಿಂದ ನಡೆದುಬಂದಿದೆ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನವರೆಗೂ ಕಾರುಗಳು ಸಾಲುಗಟ್ಟುತ್ತವೆ. ತಮ್ಮ ತಂದೆಯವರ ಕಾರು ಈ ವರ್ಷ ಸಿದ್ಧವಾಗಲಾರದು, ತಮ್ಮನನ್ನು ಕರೆದುಕೊಂಡು ತಾವು ಬನ್ನಿ. ಮಾರ್ಕ್ 5ರ ಹಿಂದಿನ ಸೀಟಿನಲ್ಲಿ ಇಬ್ಬರಿಗೂ ಜಾಗವಿದೆ. ಟಿಂಕರಿಂಗ್ ಕೆಲಸ ಬಲ್ಲ ನಾಲ್ಕೈದು ಜನ ಅಲ್ಲಿ ಸಿಗುತ್ತಾರೆ. ಚಾವಣಿಯ ಫೋಟೊಗಳನ್ನು ತನ್ನಿ, ಗಾಜಿನ ಪಟ್ಟಿ ತೆಗೆದು ತೋರಿಸುವಂಥವು.


ಓಹಾಯೋ ಕನ್ನಡತಿ:

ಖಂಡಿತ ಬರುತ್ತೇವೆ ಸರ್. ನಿನ್ನೆ ಸಂಜೆ ಪ್ಲಗ್ ತೆಗೆಸಿ ಎಣ್ಣೆ ಹಾಕಿದೆವು. ಇವತ್ತು ಬೆಳಿಗ್ಗೆ ನನ್ನ ತಮ್ಮ ಉದ್ದ ಹಿಡಿಕೆಯ ಸ್ಪ್ಯಾನರ್ ಹಾಕಿ ತಿರುಗಿಸಿದ. ಮೊದಲು ಅಲುಗಲಿಲ್ಲ, ಆಮೇಲೆ ತಿರುಗಿತು.